ಮುದಿ ಹೊಟ್ಟೆಯ ನೋವಿಗೆಲ್ಲ ‘ಗ್ಯಾಸ್’ ಎಂದೇ ಹೆಸರೇ?

ಇಂದು ಬೆಳಗ್ಗೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಉಪ್ಪಳದ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗನೊಬ್ಬ, ಅಜ್ಜಿ ನಾಲ್ಕು ದಿನಗಳಿಂದ ಗಂಜಿಯನ್ನೂ ಮುಟ್ಟುತ್ತಿಲ್ಲ, ಹೊಟ್ಟೆ ನೋವಂತೆ, ಗ್ಯಾಸಿನ ಮಾತ್ರೆ ಕೊಡಿ ಎಂದ. ಅಂಗಡಿಯವರು ಮೊಬೈಲಿನಿಂದ ತಲೆ ಎತ್ತದೆಯೇ ಮಾತ್ರೆ ಕತ್ತರಿಸಿ ಕೊಟ್ಟರು. ನನಗೆ ಮೈ ಉರಿಯಿತು.

ನಮ್ಮ ದೊಡ್ಡಮ್ಮನ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಎಪ್ಪತ್ತೆಂಟರ ಪ್ರಾಯ, ಸಕ್ಕರೆ ಕಾಯಿಲೆ, ಬಾಯಲ್ಲಿ ಹಲ್ಲಿನ ಸೆಟ್ಟು. ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹನ್ನೊಂದು ದಿನ ಅವರ ಕಾಯಿಲೆಗೆ ‘ಗ್ಯಾಸ್’ ಎಂದೇ ಹೆಸರಿತ್ತು. ಜೀರಿಗೆ ಕಷಾಯವಾಯಿತು, ಓಮದ ನೀರಾಯಿತು. ಮಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಕಂಡದ್ದು ಮೀನಿನ ಮುಳ್ಳು. ಅದು ದೊಡ್ಡ ಕರುಳನ್ನು ಚುಚ್ಚಿ ತೂತು ಮಾಡಿತ್ತು. ಆ ತೂತಿನ ಸುತ್ತ ಕಿಬ್ಬೊಟ್ಟೆಯಲ್ಲಿ ಕೀವು ತುಂಬಿದ ಕುರು ಬೆಳೆದಿತ್ತು. ಸೆಟ್ಟು ಅಂಗುಳನ್ನು ಮುಚ್ಚಿರುವುದರಿಂದ ತುತ್ತಿನಲ್ಲಿ ಮುಳ್ಳಿದ್ದರೂ ಎಷ್ಟೋ ಸಲ ತಿಳಿಯುವುದಿಲ್ಲವಂತೆ. ದಿನಾ ಬಂಗುಡೆ, ಬೂತಾಯಿ ತಿನ್ನುವ ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಮುಳ್ಳೇ ಬೇಕೆಂದೂ ಇಲ್ಲ. ಒಡೆದ ಅಪೆಂಡಿಕ್ಸ್, ಕರುಳಿನ ಗೋಡೆಯಲ್ಲಿ ಮೂಡುವ ಚೀಲಗಳ ಉರಿಯೂತ, ಗೊತ್ತಾಗದೆ ಬೆಳೆದ ಕ್ಯಾನ್ಸರ್, ಇವುಗಳಿಂದಲೂ ಕರುಳು ತೂತಾಗುತ್ತದೆ.

‘ಜ್ವರ ಇರಲಿಲ್ಲವಲ್ಲ’ ಎಂದು ಈಗಲೂ ನೆಂಟರು ಕೇಳುತ್ತಾರೆ. ಇರಲಿಲ್ಲ, ತೊಂಬತ್ತೊಂಬತ್ತು ಡಿಗ್ರಿ ದಾಟಲೇ ಇಲ್ಲ. ಪ್ರಾಯವಾದವರ ಮೈ ಮೊದಲೇ ತಣ್ಣಗಿರುತ್ತದೆ. ಅದು ಮಾಮೂಲಿಗಿಂತ ಎರಡು ಡಿಗ್ರಿ ಏರಿದರೂ ಜ್ವರವೆಂದೇ ಲೆಕ್ಕ. ಯುವಕರಲ್ಲಾದರೆ ಹಲಗೆಯಂತೆ ಬಿಗಿಯುವ ಹೊಟ್ಟೆ ಇವರಲ್ಲಿ ಮೆತ್ತಗೇ ಉಳಿಯಬಹುದು, ರಕ್ತದ ಬಿಳಿಕಣಗಳ ಸಂಖ್ಯೆ ಏರದೆಯೂ ಇರಬಹುದು, ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳು ನಾಡಿಯ ಓಟವನ್ನೂ, ಆಸ್ತಮಾಕ್ಕೆ ನುಂಗುವ ಸ್ಟೀರಾಯ್ಡ್ ನೋವನ್ನೂ ಜ್ವರವನ್ನೂ ಮರೆಮಾಚಬಹುದು ಎಂದು ಶಸ್ತ್ರವೈದ್ಯರು ನನಗೆ ಬಿಡಿಸಿ ಹೇಳಿದರು. ಹಾಗಾದರೆ ಕಾಣುವುದೇನು? ಊಟ ಬಿಡುವುದು, ಉಸಿರು ಬಿರುಸಾಗುವುದು, ಹೊತ್ತುಗೊತ್ತು ತಪ್ಪಿದಂತೆ ಮಾತಾಡುವುದು. ಕುರು ಕಿಬ್ಬೊಟ್ಟೆಯಲ್ಲಿದ್ದರೆ ಪದೇ ಪದೇ ಮೂತ್ರ, ಲೋಳೆ ಲೋಳೆಯಾದ ಭೇದಿ; ವಪೆಯ (ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಕೆಳಗಿದ್ದರೆ ಬಿಕ್ಕಳಿಕೆ, ಭುಜದ ನೋವು. ದೊಡ್ಡಮ್ಮನಿಗೆ ಭೇದಿ ಆದಾಗ ‘ಗ್ಯಾಸ್ ಹೊರಗೆ ಹೋಗುತ್ತಿದೆ’ ಎಂದು ನಾವು ಸಂತೋಷಪಟ್ಟಿದ್ದೆವು!

ಹೊಟ್ಟೆನೋವೆಂದ ಮುದುಕರನ್ನೆಲ್ಲ ಸ್ಕ್ಯಾನಿಗೆ ಕಳುಹಿಸಲಾದೀತೇ, ಹೆಚ್ಚಿನವರದು ಬರೀ ಮಲಬದ್ಧತೆಯಲ್ಲವೇ ಎಂದು ನನ್ನ ಭಾವ ವಾದಿಸುತ್ತಾರೆ. ಇರಬಹುದು, ಒಪ್ಪಿದೆ. ಆದರೆ ಹೊಟ್ಟೆಗೆ ಕೈ ಇಟ್ಟು ನೋಡಲು ಯಾವ ಸ್ಕ್ಯಾನೂ ಬೇಡ, ಕೈ ಸಾಕು. ಸ್ಕ್ಯಾನಿನ ಖರ್ಚು ಲೆಕ್ಕ ಹಾಕುವ ಭಾವನವರು ಐ.ಸಿ.ಯು. ಖರ್ಚನ್ನೂ ಒಮ್ಮೆ ಲೆಕ್ಕ ಹಾಕಲಿ.

ಇನ್ನು ನಾನು ಈವರೆಗೆ ಬರೆಯದೆ ಬಿಟ್ಟದ್ದೊಂದಿದೆ. ಮೊದಲು ತೋರಿಸಿದ ಆಸ್ಪತ್ರೆಯ ವೈದ್ಯರಿಗೆ ಮಲಯಾಳ ಮಾತ್ರ ಬರುತ್ತಿತ್ತು, ದೊಡ್ಡಮ್ಮನಿಗೆ ಕನ್ನಡ ಮತ್ತು ತುಳು ಮಾತ್ರ. ‘ಎಡಗಡೆ ಕೆಳಗೆ ಏನೋ ಕೂತ ಹಾಗೆ ಭಾರ ಮಗಾ, ಕೂತರೆ ಒತ್ತುತ್ತದೆ’ ಎಂದು ಅವರು ಹೇಳಿದ್ದರು. ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಈ ಮಹಾಶಯ, ಅಂದರೆ ನಾನು, ಅದನ್ನು ‘ಗ್ಯಾಸಾಣ್ ಡಾಕ್ಟರೇ’ (ಗ್ಯಾಸ್ ಡಾಕ್ಟ್ರೇ) ಎಂದು ಮಲಯಾಳದ ಎರಡೇ ಪದಗಳಲ್ಲಿ ಮುಗಿಸಿದ್ದೆ. ವೈದ್ಯರು ಬರೆದುಕೊಂಡದ್ದೂ ಅದನ್ನೇ. ಹನ್ನೊಂದು ದಿನಗಳ ಸಿಟ್ಟನ್ನು ಯಾರ ಮೇಲೆ ತೀರಿಸಲಿ?

ದೊಡ್ಡಮ್ಮ ಬದುಕಿದರು. ಸ್ಕ್ಯಾನ್ ನೋಡಿಕೊಂಡೇ ಚರ್ಮದ ಮೂಲಕ ತೆಳು ಕೊಳವೆ ಇಳಿಸಿ ಕೀವು ಹೊರತೆಗೆದರು, ಆ್ಯಂಟಿಬಯಾಟಿಕ್ ಕೊಟ್ಟರು, ಮುಳ್ಳು ತೆಗೆಯಲು ಆಪರೇಷನ್ನೂ ಆಯಿತು.

ಅಂಗಡಿಯ ಹುಡುಗನನ್ನು ತಡೆದು, ಅಜ್ಜಿ ನಿನ್ನನ್ನು ಸರಿಯಾಗಿ ಗುರುತಿಸುತ್ತಾರೋ ಎಂದು ಕೇಳಿದೆ. ‘ನಿನ್ನೆಯಿಂದ ಮಾವನ ಹೆಸರು ಹಿಡಿದು ಕರೆಯುತ್ತಿದ್ದಾರೆ, ಮಾಸ್ಟ್ರೇ’ ಎಂದು ನಕ್ಕ. ನಾನು ನಗಲಿಲ್ಲವೆಂದು ಕಂಡ ಮೇಲೆ ಅವನೂ ನಿಲ್ಲಿಸಿ, ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು, ಆಟೋ ಎಲ್ಲಿ ಸಿಗುತ್ತದೆ ಎಂದು ಕೇಳಿದ.