ಮಾವಿನಕುರ್ವೆ ಅಂದ್ರೆ ಕುರ್ಚಿ ಅಲ್ಲ

ನಮ್ಮ ಉತ್ತರ ಕನ್ನಡದಲ್ಲಿ ಅಡ್ಡಹೆಸರು ಎರಡು ತರ. ಒಂದು, ಕೂಗಿದರೆ ಅರ್ಧ ಪೇಟೆ ತಿರುಗಿ ನೋಡುವಂಥದ್ದು. ಶಿರಸಿಯ ಅಡಿಕೆ ಮಂಡಿಯಲ್ಲಿ ನಿಂತು "ಹೆಗಡೇರೇ" ಅನ್ನಿ, ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು "ನಾಯಕರೇ" ಅನ್ನಿ, ಗೊತ್ತಾಗುತ್ತದೆ. ಇನ್ನೊಂದು, ಕೂಗುವವರ ಗಂಟಲಲ್ಲೇ ಸಿಕ್ಕಿಕೊಳ್ಳುವಂಥದ್ದು.

ಮದುವೆಗೆ ಮುಂಚೆ ನಾನು ಮೊದಲನೇ ಪಂಗಡದವಳು. ಶಾನಭಾಗ. ಹಿಂದೆ ಊರಿನ ಜಮೀನು, ಕಂದಾಯದ ಲೆಕ್ಕ ಬರೆಯುತ್ತಿದ್ದವರ ಹುದ್ದೆಯ ಹೆಸರು ಅದು. (ನನಗೆ ಹಾಲಿನವನ ಲೆಕ್ಕವೂ ಕೂಡಿಬರುವುದಿಲ್ಲ, ಆ ಮಾತು ಬೇರೆ.) ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಆಮೇಲೆ ಮಾವಿನಕುರ್ವೆ ಮನೆಗೆ ಸೊಸೆಯಾಗಿ ಕಾರವಾರಕ್ಕೆ ಬಂದೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಹೆಸರನ್ನು ಒಂದೇ ಸಲಕ್ಕೆ ಸರಿಯಾಗಿ ಬರೆದುಕೊಂಡವರನ್ನು ಕಂಡಿಲ್ಲ.

ಮೊನ್ನೆ ಕೊರಿಯರ್ ಹುಡುಗನ ಫೋನ್ ಬಂತು.

"ಮೇಡಂ, ಮಾವನ ಕುರ್ಚಿ ಅಂತ ಬರ್ದಿದೆ. ಆದ್ರೆ ಪಾರ್ಸೆಲ್ ಬಹಳ ಸಣ್ಣದಿದೆ. ಮಡಚೋ ಕುರ್ಚಿನಾ?"

ಅದು ಕುರ್ಚಿ ಅಲ್ಲ, ಕುರ್ವೆ, ಮಾವನದಲ್ಲ, ಮಾವಿನದು, ಒಳಗಿರುವುದು ಚಾರ್ಜರ್ ಎಂದು ನಾನು ಬಿಡಿಸಿ ಹೇಳುತ್ತಿದ್ದೆ. ಹೊರಗೆ ಜಗಲಿಯ ಮೇಲೆ ನನ್ನ ನಿಜವಾದ ಮಾವ, ಅವರ ನಿಜವಾದ ಆರಾಮ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಅರ್ಧ ಮಾತು ಕಿವಿಗೆ ಬಿತ್ತು ಅಂತ ಕಾಣುತ್ತದೆ.

"ಹೊಸ ಕುರ್ಚಿ ಯಾಕೆ ತರಿಸಿದ್ದು? ಇದೇ ಗಟ್ಟಿ ಇದೆಯಲ್ಲ."

"ಕುರ್ಚಿ ಅಲ್ಲ ಮಾವ, ನಮ್ಮ ಹೆಸರು."

"ಹೆಸರಿಗೆ ಏನಾಗಿದೆ?"

ಏನಾಗಿದೆ ಅಂತ ಹೇಳಲು ಕೂತರೆ ಸಂಜೆಯಾಗುತ್ತದೆ.

ಇಂಗ್ಲಿಷಿನಲ್ಲಿ ಬರೆದರೆ ಕಥೆ ಇನ್ನೂ ಚಂದ. ಒಂದು ಬ್ಯಾಂಕಿನವರು ನಮ್ಮ ಹೆಸರನ್ನು ಮಧ್ಯಕ್ಕೆ ಸೀಳಿ, 'ಮಾವಿನ್' ಎಂಬ ಗಂಡಸನ್ನೂ 'ಕುರ್ವೆ' ಎಂಬ ಮನೆತನವನ್ನೂ ಹುಟ್ಟಿಸಿದ್ದಾರೆ. ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಮಿಸ್ಟರ್ ಮಾವಿನ್ ಅವರಿಗೆ ಶುಭಾಶಯ ಬರುತ್ತದೆ. ಪುಣೆಯ ಒಂದು ಮದುವೆಯಲ್ಲಿ ಹಿರಿಯರೊಬ್ಬರು 'ಕುರ್ವೆ'ಯನ್ನು 'ಕರ್ವೆ' ಎಂದು ಕೇಳಿಸಿಕೊಂಡು ನನ್ನ ಗಂಡನ ಎರಡೂ ಕೈ ಹಿಡಿದುಕೊಂಡರು. 1916ರಲ್ಲೇ ಹೆಣ್ಣುಮಕ್ಕಳಿಗಾಗಿ ವಿಶ್ವವಿದ್ಯಾಲಯ ಕಟ್ಟಿ, ನೂರರ ಹರೆಯದಲ್ಲಿ 1958ರ ಭಾರತರತ್ನ ಪಡೆದ ಧೋಂಡೋ ಕೇಶವ ಕರ್ವೆ ಅವರ ಕಡೆಯವರಾ ನೀವು ಎಂದು ಕೇಳಿದರು. ನನ್ನ ಗಂಡ ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಶ್ರೀಖಂಡ ಮಾತ್ರ ನಮ್ಮ ಎಲೆಗೆ ಜಾಸ್ತಿ ಬಿತ್ತು.

2023ರ ಜೂನ್ ನೆನಪಿದೆಯಲ್ಲ? ಪ್ಯಾನ್ ಮತ್ತು ಆಧಾರ್ ಜೋಡಿಸಿ, ಸಾವಿರ ರೂಪಾಯಿ ಕಟ್ಟಿ ಎಂದು ಊರೆಲ್ಲ ಓಡಾಡಿದ ತಿಂಗಳು. ನನ್ನ ಒಂದು ಕಾರ್ಡಿನಲ್ಲಿ ಕುರ್ವೆ, ಇನ್ನೊಂದರಲ್ಲಿ ಕುರ್ವ. ಅರ್ಜಿ ತುಂಬಿಸುವ ಅಂಗಡಿಯ ಹುಡುಗ ತುಂಬಾ ಹೊತ್ತು ಪರದೆ ನೋಡಿ, "ಆಂಟಿ, ಇವರಿಬ್ಬರೂ ಅಕ್ಕತಂಗಿಯರಾ?" ಎಂದು ಕೇಳಿದ. ತಮಾಷೆ ಏನೆಂದರೆ, ಆಧಾರ್ ಯೋಜನೆಯ ಮೊದಲ ಅಧ್ಯಕ್ಷರಾಗಿದ್ದ ನಂದನ್ ನಿಲೇಕಣಿ ಅವರ ಅಡ್ಡಹೆಸರೂ ನಮ್ಮ ಕಡೆಯದೇ. ನಿಲೇಕಣಿ ಇರುವುದು ಶಿರಸಿಯಲ್ಲಿ. ಅವರ ಹೆಸರನ್ನು ಯಾರೂ ಸೀಳುವುದಿಲ್ಲ. ದೊಡ್ಡ ಮನುಷ್ಯರಾಗುವುದರ ಲಾಭ ಇದು.

ಒಮ್ಮೆ ಬೇಸತ್ತು, ಶಿರಸಿಯ ಹೋಟೆಲೊಂದರಲ್ಲಿ ಪಾರ್ಸೆಲ್‌ಗೆ ಹೆಸರು ಕೇಳಿದಾಗ ಸುಮ್ನೆ "ಹೆಗಡೆ" ಅಂದುಬಿಟ್ಟೆ. ಎಷ್ಟು ಸಲೀಸು! ಹುಡುಗ ತಲೆ ಎತ್ತದೆ ಬರೆದುಕೊಂಡ. ಹತ್ತು ನಿಮಿಷದಲ್ಲಿ "ಹೆಗಡೆ!" ಎಂದು ಕೂಗಿದ. ನಾನು ಏಳುವಷ್ಟರಲ್ಲಿ ನಿಜವಾದ ಹೆಗಡೆಯವರೊಬ್ಬರು ನನ್ನ ಮಸಾಲೆ ದೋಸೆ ಹಿಡಿದುಕೊಂಡು ಸ್ಕೂಟರ್ ಹತ್ತಿದ್ದರು. ಹೆಗಡೆಯವರಿಗೆ ಇದು ಹೊಸದೇನಲ್ಲ ಬಿಡಿ. ಅವರ ಸಂಖ್ಯೆ ಜಾಸ್ತಿ, ಅದಕ್ಕೇ ಊರೋ ಮನೆಯೋ ಮುಂದೆ ಸೇರಿಸಿಕೊಳ್ಳುತ್ತಾರೆ. ಯಕ್ಷಗಾನದಲ್ಲೇ ನೋಡಿ. ಕೆರೆಮನೆ ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ. ಕೊನೆಗೆ ಹೆಗಡೆ ಬಿದ್ದುಹೋಗಿ, ಜನ "ಇವತ್ತು ಚಿಟ್ಟಾಣಿ ಉಂಟಾ?" ಎಂದಷ್ಟೇ ಕೇಳುತ್ತಿದ್ದರು.

ಈಗ ಅರ್ಥ. ಹೊಳೆಯ ಮಧ್ಯದ ನಡುಗಡ್ಡೆಗೆ ನಮ್ಮಲ್ಲಿ ಕುರ್ವೆ ಅನ್ನುತ್ತಾರೆ. ಮಂಗಳೂರು, ಉಡುಪಿ ಕಡೆ ಅದೇ ಕುದ್ರು. ಕುಮಟಾ ತಾಲೂಕಿನಲ್ಲಿ ಐಗಳಕುರ್ವೆ ಇದೆ, ಹೊನ್ನಾವರದ ಹತ್ತಿರ ಶರಾವತಿಯಲ್ಲಿ ಮಾವಿನಕುರ್ವೆ ಇದೆ. ಅಲ್ಲಿಗೆ ಮುಗಿಯಿತು. ಆದರೆ ಜನ ಕುರ್ವೆಯನ್ನು ಬಿಟ್ಟು ಮಾವನ್ನಷ್ಟೇ ಹಿಡಿದುಕೊಳ್ಳುತ್ತಾರೆ. ಏಪ್ರಿಲ್ ಬಂದರೆ ಸಾಕು, ಪರಿಚಯದವರು "ನಿಮ್ಮದು ತೋಟ ಇರಬೇಕಲ್ಲ?" ಎಂದು ಶುರುಮಾಡುತ್ತಾರೆ. ಅಂಕೋಲೆಯ ಕರಿ ಈಶಾಡಿ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕ ಮೇಲಂತೂ ಕಾಟ ಹೆಚ್ಚಾಗಿದೆ. ನಮ್ಮ ಹಿತ್ತಲಲ್ಲಿ ಇರುವುದು ಎರಡು ತೆಂಗು, ಒಂದು ನುಗ್ಗೆ.

ಬೆಂಗಳೂರಿನವರಿಗೆ ಅಡ್ಡಹೆಸರಿನ ತಲೆನೋವೇ ಕಡಿಮೆ. ಅಲ್ಲಿ ಇನಿಷಿಯಲ್ ಇದ್ದರೆ ಸಾಕು. ನಮಗೆ ಈ ಬಾಲ ಗಟ್ಟಿಯಾಗಿ ಅಂಟಿಕೊಂಡಿದ್ದರಲ್ಲಿ ಬ್ರಿಟಿಷರ ಕೈವಾಡವೂ ಸ್ವಲ್ಪ ಇದೆ ಅನ್ನುವುದು ನನ್ನ ಗುಮಾನಿ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಮುಂಬೈ ಕಡೆಯ ರೂಢಿ ಅಂದರೆ ಮೊದಲು ಸ್ವಂತ ಹೆಸರು, ನಡುವೆ ಅಪ್ಪನದೋ ಗಂಡನದೋ, ಕೊನೆಗೆ ಅಡ್ಡಹೆಸರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಅಡ್ಡಹೆಸರೂ ಗಂಟುಮೂಟೆಯ ಜೊತೆ ಬಂತು. ಕೆಲವರದ್ದು ಊರು, ಕೆಲವರದ್ದು ಕಸುಬು. ಭಟ್ಕಳದ ನವಾಯತ ಮುಸ್ಲಿಮರಲ್ಲಿ ಶಾಬಂದ್ರಿ ಎಂಬ ಹೆಸರಿದೆ. ಬಂದರಿನ ಅಧಿಕಾರಿಯಾದ 'ಶಾಹ್ ಬಂದರ್' ಅದರ ಮೂಲ. ಎಂಥ ಗತ್ತಿನ ಹೆಸರು! ಅದನ್ನು ಕೇಳಿ ಯಾರೂ ಹಣ್ಣು ಕೊಡಿ ಅನ್ನುವುದಿಲ್ಲ.

ಕಳೆದ ವರ್ಷ ಮಾವ, "ನನಗೊಮ್ಮೆ ನಮ್ಮ ಹೆಸರಿನ ಊರು ನೋಡಬೇಕು" ಅಂದರು. ಹೋದೆವು. ದಾರಿಯುದ್ದಕ್ಕೂ ಅವರ ಮುಖದಲ್ಲಿ, ಊರಿನವರು ಹಾರ ಹಿಡಿದು ನಿಂತಿರುತ್ತಾರೆ ಎನ್ನುವಂಥ ಕಳೆ. ಅಲ್ಲೊಂದು ಚಹಾದಂಗಡಿಯಲ್ಲಿ ಅಜ್ಜ ಒಬ್ಬರು ಮಾತಿಗೆ ಸಿಕ್ಕಿದರು.

"ಯಾವೂರಾಯ್ತು?"

"ಕಾರವಾರ," ಅಂದರು ಮಾವ.

"ಹೆಸರು?"

"ಮಾವಿನಕುರ್ವೆ."

"ಅದು ಈ ಊರಿನ ಹೆಸರು. ನಿಮ್ಮ ಹೆಸರು ಎಂತ?"

"ನಮ್ಮದೂ ಅದೇ."

ಅಜ್ಜ ಬೀಡಿ ಕೆಳಗಿಟ್ಟರು. "ಹಂಗಂತ ಹೆಸರಿದ್ದವರು ಇಲ್ಲಿ ಯಾರೂ ಇಲ್ಲವಲ್ಲ ಮಾರಾಯ್ರೆ."

ಮಾವನಿಗೆ ಮಾತೇ ಹೊರಡಲಿಲ್ಲ. ನನಗೆ ಮಾತ್ರ ಆಗ ಹೊಳೆಯಿತು. ಯಾಕೆ ಇರಬೇಕು? ಊರಲ್ಲೇ ಇರುವವನಿಗೆ ಊರಿನ ಹೆಸರು ಯಾತಕ್ಕೆ? ಅಲ್ಲಿ ಎಲ್ಲರೂ ಮಾವಿನಕುರ್ವೆಯವರೇ ಅಲ್ವಾ! ಬಿಟ್ಟು ಹೋದವನನ್ನು ಬೇರೆ ಊರಿನವರು "ಅವನಾ, ಮಾವಿನಕುರ್ವೆಯವನು" ಎಂದು ಗುರುತಿಸಿದಾಗಲೇ ಅದು ಅಡ್ಡಹೆಸರಾಗುವುದು. ಗಿರೀಶ ಕಾರ್ನಾಡರು ಬೆಳೆದದ್ದು ಶಿರಸಿಯಲ್ಲಿ, ಕಾರ್ನಾಡು ಇರುವುದು ದೂರದ ಮೂಲ್ಕಿಯ ಹತ್ತಿರ.

ನಾನು ಇದನ್ನೆಲ್ಲ ವಿವರಿಸಿದೆ. ಅಜ್ಜ ತಲೆದೂಗಿದರು. ಮಾವನ ಕಡೆ ತಿರುಗಿ, "ಹಂಗಾದ್ರೆ ಇನ್ನು ಮೇಲೆ ಕಾರವಾರಕರ ಅಂತ ಇಟ್ಕೊಳ್ಳಿ. ಬರೆಯುಕೂ ಸುಲಭ" ಅಂದರು.

"ಕಾರವಾರದಲ್ಲೇ ಇದ್ದುಕೊಂಡು ಕಾರವಾರಕರ ಆಗೋದು ಹೇಗೆ? ಈಗಷ್ಟೇ ಸೊಸೆ ಹೇಳಿದ್ದು ಕೇಳಲಿಲ್ವಾ?" ಮಾವ ರೇಗಿದರು.

ಅಜ್ಜ ಬೀಡಿ ಮತ್ತೆ ಹಚ್ಚಿಕೊಂಡು, "ಹಂಗಾದ್ರೆ ಕಾರವಾರ ಬಿಡಿ" ಅಂದರು.