ದೇವರ ಮೀನು, ನಮ್ಮ ಡ್ರಮ್ಮು

ಕಳೆದ ವಾರ ದಕ್ಷಿಣ ಕನ್ನಡದ ಶಿಶಿಲಕ್ಕೆ ಹೋಗಿದ್ದೆ. ದೇವಸ್ಥಾನದ ಮೆಟ್ಟಿಲ ಮೇಲೆ ಕುಳಿತು ಒಂದು ಹಿಡಿ ಅರಳು ಎಸೆದದ್ದೇ ತಡ, ಕಪಿಲಾ ಹೊಳೆಯ ನೀರು ಮೀನುಗಳಿಂದ ಕುದಿಯತೊಡಗಿತು. ತುಳುವಿನಲ್ಲಿ ಪೆರುವೋಳು ಎನ್ನುತ್ತಾರೆ, ಪುಸ್ತಕದಲ್ಲಿ ಮಹಶೀರ್. ದಪ್ಪ ತುಟಿ, ಚಿಕ್ಕ ಮೀಸೆ, ನಾಣ್ಯದಷ್ಟು ಅಗಲದ ಹುರುಪೆ. ಪಕ್ಕದಲ್ಲಿದ್ದ ಮಗುವಿನ ಬೆರಳನ್ನೇ ಒಂದು ಮೀನು ಚೀಪಿ ಹೋಯಿತು. ದೇವರ ಮೀನೆಂದು ಅಲ್ಲಿ ಬಲೆ ಬೀಸುವ ಧೈರ್ಯ ಯಾರಿಗೂ ಇಲ್ಲ.

ಹಾಗೆಂದು ಎಲ್ಲ ಕ್ಷೇಮ ಎನ್ನುವಂತಿಲ್ಲ. 1996ರಲ್ಲಿ ಇದೇ ನೀರಿಗೆ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ಮೀನುಗಳು ಸತ್ತಿದ್ದವು. ಅವುಗಳ ನೆನಪಿಗೆ ಕಟ್ಟಿದ ಸ್ಮಾರಕ ಅಲ್ಲಿದೆ. ಮೀನಿಗೆ ಸ್ಮಾರಕ ಕಟ್ಟಿದ ಊರಿನ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಇರುವುದು ನಮ್ಮಂಥವರ ಭಕ್ತಿಯ ಬಗ್ಗೆ. ಅದು ಸ್ನಾನಘಟ್ಟದ ಕೊನೆಯ ಮೆಟ್ಟಿಲಿಗೆ ಮುಗಿದುಹೋಗುತ್ತದೆ. ಮಳೆಗಾಲದಲ್ಲಿ ಈ ಮೀನು ಮೊಟ್ಟೆಯಿಡಲು ಹರಿವಿಗೆ ಎದುರಾಗಿ, ಬೆಣಚುಕಲ್ಲಿನ ಸಣ್ಣ ಹಳ್ಳಗಳಿಗೆ ಏರುತ್ತದೆ. ಅಲ್ಲಿ ಅದು ದೇವರ ಮೀನಲ್ಲ, ಬರೀ ಮೀನು. ಮೀನು ಹಿಡಿಯಲು ನೀರಿನಲ್ಲಿ ತೋಟೆ (ಸಿಡಿಮದ್ದು) ಸಿಡಿಸುವವರೂ ಅಲ್ಲೇ ಕಾದಿರುತ್ತಾರೆ. ತೋಟೆ, ವಿಷ ಎರಡನ್ನೂ ನಿಷೇಧಿಸಿದ ಕಾನೂನು 1897ರಷ್ಟು ಹಳೆಯದು. ಹಳ್ಳದವರೆಗೆ ಅದು ಇನ್ನೂ ನಡೆದು ಬಂದಿಲ್ಲ.

ತೋಟೆಯವರನ್ನು ಬೈಯುವುದು ಸುಲಭ. ನಮ್ಮ ಮನೆಯ ಕೆಳಗೂ ಒಂದು ಹಳ್ಳವಿದೆ. ಮುಂಗಾರಿಗೆ ಮೊದಲು ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಹೊಡೆದು, ಡ್ರಮ್ಮನ್ನು ಆ ಹಳ್ಳದಲ್ಲೇ ತೊಳೆಯುತ್ತಿದ್ದೆವು. ವರ್ಷಗಟ್ಟಲೆ. ಮೈಲುತುತ್ತದ ತಿಳಿನೀಲಿ ಬಣ್ಣ ಕಲ್ಲುಗಳ ಸಂದಿಯಲ್ಲಿ ಇಳಿದು ಹೋಗುವುದು ನೋಡಲು ಚೆನ್ನಾಗಿಯೇ ಇರುತ್ತಿತ್ತು. ಒಂದು ವರ್ಷ, ಮಾರನೆಯ ಬೆಳಿಗ್ಗೆ, ಕೆಳಗಿನ ಗುಂಡಿಯಲ್ಲಿ ಬೆರಳುದ್ದದ ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೂರು ವರ್ಷದ ಹಿಂದೆ ಹಳ್ಳದ ಆಚೀಚೆಯ ಒಂಬತ್ತು ಮನೆಯವರು ಕುಳಿತು, ಇನ್ನು ಹಳ್ಳದಲ್ಲಿ ಡ್ರಮ್ಮು ತೊಳೆಯುವುದು ಬೇಡ ಎಂದು ಮಾತಾಡಿದೆವು. "ನಾಲ್ಕು ಮೀನಿಗಾಗಿ ನಾನು ಡ್ರಮ್ಮು ಹೊತ್ತು ಗುಡ್ಡ ಹತ್ತಬೇಕೇನೋ ಮಾರಾಯ?" ಎಂದು ದೊಡ್ಡಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಉಪದೇಶ ಬಿಟ್ಟು, ಟ್ಯಾಂಕಿನಿಂದ ತೋಟದ ಮೇಲಂಚಿಗೆ ಒಂದು ಪೈಪು ಎಳೆದು, ನಲ್ಲಿ ಇಟ್ಟು, ಪಕ್ಕದಲ್ಲಿ ಗುಂಡಿ ತೋಡಿದೆವು. ಮರುವರ್ಷ ಮೊದಲು ಅಲ್ಲಿ ಡ್ರಮ್ಮು ತೊಳೆದವರು ದೊಡ್ಡಪ್ಪನೇ. ಜಾಗೃತಿ ಶಿಬಿರಗಳ ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲದಿರುವುದು ಇದಕ್ಕೇ.

ಬಗೆಹರಿಯದೆ ಉಳಿದಿರುವುದು ಪಂಪಿನ ಜಗಳ. ಏಪ್ರಿಲ್ ಹೊತ್ತಿಗೆ ಹರಿವು ನಿಂತು, ಮೀನೆಲ್ಲ ಎರಡೇ ಗುಂಡಿಗಳಲ್ಲಿ ಕಿಕ್ಕಿರಿಯುತ್ತವೆ. ಅದೇ ಗುಂಡಿಗಳಿಗೆ ನಮ್ಮೆಲ್ಲರ ಪಂಪಿನ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ಬಾಯಿ) ಇಳಿದಿರುತ್ತದೆ, ನನ್ನದೂ ಸೇರಿ. ದೊಡ್ಡ ಗುಂಡಿಯನ್ನು ಮೀನಿಗೇ ಬಿಡೋಣ ಎಂದರೆ ಎಂಟು ಮನೆಯವರು ಒಪ್ಪಿದ್ದಾರೆ. ಮೇಲಿನ ಮನೆಯವರಿಗೆ ಬೇರೆ ನೀರಿಲ್ಲ, ಅವರನ್ನು ದೂರುವಂತಿಲ್ಲ. ನಮ್ಮ ಬಾವಿಯಿಂದ ಅವರ ತೋಟಕ್ಕೆ ಎಷ್ಟು ಪೈಪು ಬೇಕಾಗುತ್ತದೆ ಎಂದು ಭಾನುವಾರ ಅಳೆಯಲು ಹೋಗುತ್ತಿದ್ದೇವೆ.