ಸಕಲರಿಗೂ ತಿಳಿದ ಗುಟ್ಟು

90 ದಿನಗಳ ಅವಧಿ ತುಂಬಿ ಪಾಸ್‌ವರ್ಡ್ ಮತ್ತೆ ತೀರಿಕೊಂಡಿದೆ. ಅದರ ಬೆನ್ನಿಗೇ ಬಿಲ್ಡ್, ಅಂದರೆ ಬರೆದ ಕೋಡನ್ನು ಓಡುವ ತಂತ್ರಾಂಶವಾಗಿ ಕಟ್ಟುವ ಕೆಲಸ, ಕೂಡ ಕಣ್ಣು ಮುಚ್ಚಿದೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ ಅಡಕೆ ತೋಟಗಳ ನಡುವಿನ ಮನೆಗಳಲ್ಲಿ ಕುಳಿತು ಬೆಂಗಳೂರಿನ ಕಂಪನಿಗಳಿಗೆ ದುಡಿಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಈ ಸೂತಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಇರುವ ಅಪರೂಪದ ಬೆಳಗಿನಲ್ಲಿ, ತಾವೇ ಬರೆದ ಪ್ಯಾಕೇಜನ್ನು ತಮ್ಮದೇ ಕಂಪನಿಯ ಖಾಸಗಿ ರೆಪೊಸಿಟರಿಯೆಂಬ ಉಗ್ರಾಣದಿಂದ ಇಳಿಸಿಕೊಳ್ಳಲು ಹೊರಟರೆ, ಸರ್ವರ್ 401, ಅಂದರೆ ನೀನು ಯಾರೆಂಬುದು ರುಜುವಾತಾಗಿಲ್ಲ, ಎಂದು ಹೇಳಿ ಸುಮ್ಮನಾಗುತ್ತದೆ. ಸೋರಿಕೆಯ ಪುರಾವೆ ಇಲ್ಲದೆ ಕಾಲಕಾಲಕ್ಕೆ ಪಾಸ್‌ವರ್ಡ್ ಬದಲಿಸುವಂತೆ ಜನರನ್ನು ಬಲವಂತಪಡಿಸಬೇಡಿ ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಬರೆಯಿತು. ನಮ್ಮ ಭದ್ರತಾ ವಿಭಾಗಗಳಿಗೆ ಅದು ಇನ್ನೂ ತಲುಪಿಲ್ಲ. ಆ ಕಡತವನ್ನು ತೆರೆಯುವ ಪಾಸ್‌ವರ್ಡಿನ ಅವಧಿಯೂ ಮುಗಿದಿರಬೇಕು.

ಮೇವನ್ ಎಂಬ ಬಿಲ್ಡ್ ಉಪಕರಣದ ಶಿಸ್ತನ್ನು ಮೆಚ್ಚಲೇಬೇಕು. ಪ್ರಾಜೆಕ್ಟಿನ ಪಾಮ್ ಎಂಬ ವಿವರಣಾ ಫೈಲಿನಲ್ಲಿ ರೆಪೊಸಿಟರಿಯ ವಿಳಾಸವೂ ಅದಕ್ಕೊಂದು ಐಡಿಯೂ ಇರಬೇಕು. ಹೋಮ್ ಡೈರೆಕ್ಟರಿಯಲ್ಲಿ ಅಡಗಿ ಕುಳಿತ ಸೆಟ್ಟಿಂಗ್ಸ್ ಫೈಲಿನಲ್ಲಿ ಅದೇ ಐಡಿಯ ಕೆಳಗೆ ಬಳಕೆದಾರನ ಹೆಸರೂ ಪಾಸ್‌ವರ್ಡೂ ಇರಬೇಕು. ಎರಡು ಐಡಿಗಳ ನಡುವೆ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಮೇವನ್ ಒಂದು ಮಾತೂ ಆಡದೆ ಪಾಸ್‌ವರ್ಡನ್ನು ಮನೆಯಲ್ಲೇ ಬಿಟ್ಟು ಬರಿಗೈಯಲ್ಲಿ ಸರ್ವರಿನ ಬಾಗಿಲಿಗೆ ಹೋಗಿ, ಬೈಸಿಕೊಂಡು ಬರುತ್ತದೆ. ನಡುವೆ ರೆಪೊಸಿಟರಿಯ ಬದಲಿಗೆ ನಿಲ್ಲುವ ಮಿರರ್ ಎಂಬುದೊಂದನ್ನು ಇಟ್ಟಿದ್ದರೆ ಮಿರರಿನ ಐಡಿಯೇ ನಡೆಯುತ್ತದೆ, ರೆಪೊಸಿಟರಿಯ ಐಡಿಯನ್ನು ಯಾರೂ ಕೇಳುವುದಿಲ್ಲ. ಎಸ್‌ಬಿಟಿ ಎಂಬ ಮತ್ತೊಂದು ಉಪಕರಣವಂತೂ ಇನ್ನೂ ಮಡಿವಂತ: ಸರ್ವರ್ ತನ್ನನ್ನು ತಾನು ಯಾವ ಬಿರುದಿನಿಂದ ಕರೆದುಕೊಳ್ಳುತ್ತದೋ ಆ ಬಿರುದನ್ನು ಅಕ್ಷರ ತಪ್ಪದೆ ಬರೆಯದವನಿಗೆ ಅಲ್ಲಿ ಪ್ರವೇಶವಿಲ್ಲ.

ಗಡಿನಾಡಿನವರಿಗೆ ಇದು ಹೊಸದೇನೂ ಅಲ್ಲ. ಪಡಿತರ ಚೀಟಿಯಲ್ಲಿ ಮಂಜೇಶ್ವರ, ಇನ್ನೊಂದು ದಾಖಲೆಯಲ್ಲಿ ಮಂಜೇಶ್ವರಂ ಎಂದಿದ್ದರೆ ಇಬ್ಬರೂ ಒಬ್ಬನೇ ಎಂದು ಸಾಬೀತುಪಡಿಸುವ ಹೊಣೆ ಆ ಒಬ್ಬನದೇ ಆಗಿರುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕೆಂದೂ ಹೇಳಿದೆ. ಆದರೂ ಕಚೇರಿಯ ಕಿಟಕಿಯಿಂದ ಹೊರಬರುವ ಫಾರಂ ಮಲಯಾಳದಲ್ಲಿರುತ್ತದೆ, ಕನ್ನಡದ ಫಾರಂ ಕೇಳಿದವನಿಗೆ ನಾಳೆ ಬನ್ನಿ ಎಂಬ ಉತ್ತರ ಸಿಗುತ್ತದೆ. ಹಕ್ಕು ಇಲ್ಲವೆಂದು ಯಾರೂ ಹೇಳುವುದಿಲ್ಲ, ಬಾಗಿಲನ್ನೂ ಯಾರೂ ತೆರೆಯುವುದಿಲ್ಲ. 401 ಎಂಬುದನ್ನು ನಮ್ಮ ಹಿರಿಯರು ಕಂಪ್ಯೂಟರ್ ಬರುವ ಮೊದಲೇ ಸರದಿ ನಿಂತು ಪಡೆದವರು.

ಇನ್ನು ಪಾಸ್‌ವರ್ಡಿನ ಅಲಂಕಾರ. ವಿಶೇಷ ಚಿಹ್ನೆ ಒಂದಾದರೂ ಇರಲೇಬೇಕು ಎಂಬುದು ಭದ್ರತಾ ವಿಭಾಗದ ಆಜ್ಞೆ. ಆಜ್ಞಾಧಾರಕನೊಬ್ಬ ಆಂಪರ್‌ಸ್ಯಾಂಡ್ (&) ಸೇರಿಸಿದನೆನ್ನಿ, ಮೇವನ್ನಿನ ಸೆಟ್ಟಿಂಗ್ಸ್ ಫೈಲು ಆ ಚಿಹ್ನೆಗೆ ಬೇರೆಯೇ ಅರ್ಥವಿರುವ ಎಕ್ಸ್‌ಎಮ್‌ಎಲ್ ರೂಪದಲ್ಲಿರುವುದರಿಂದ ಆ ಚಿಹ್ನೆಯನ್ನು ಕಂಡೊಡನೆ ಫೈಲೇ ಕೆಡುತ್ತದೆ. ಹೋಗಲಿ ಎಂದು ಅಟ್ (@) ಚಿಹ್ನೆ ಹಾಕಿದರೆ, ವಿಳಾಸದೊಳಗೇ ಪಾಸ್‌ವರ್ಡ್ ಬರೆಯಬೇಕಾದ ಉಪಕರಣಗಳು ಅದರ ನಂತರದ ಅಕ್ಷರಗಳನ್ನು ಸರ್ವರಿನ ಹೆಸರೆಂದು ಭಾವಿಸಿ ಇಲ್ಲದ ಊರನ್ನು ಹುಡುಕಿಕೊಂಡು ಹೋಗುತ್ತವೆ. ಡಾಲರ್ ಚಿಹ್ನೆ ಹಾಕಿದವನನ್ನು, ಟೈಪಿಸಿದ ಆಜ್ಞೆಗಳನ್ನು ಓದುವ ಶೆಲ್ ಆ ಚಿಹ್ನೆಯನ್ನು ಬೇರೇನೋ ಎಂದು ಓದಿ ವಿಚಾರಿಸಿಕೊಳ್ಳುತ್ತದೆ.

ಪಾಸ್‌ವರ್ಡನ್ನು ಬಟ್ಟಬಯಲಾಗಿ ಬರೆದಿಡುವುದು ಪಾಪವಲ್ಲವೇ ಎಂದು ಅಂಜುವವರಿಗಾಗಿ ಮೇವನ್ 3ರಲ್ಲಿ ಗೂಢಲಿಪಿಯ ವ್ಯವಸ್ಥೆಯೂ ಇದೆ. ನಿಮ್ಮ ಪಾಸ್‌ವರ್ಡನ್ನು ಒಂದು ಮಾಸ್ಟರ್ ಪಾಸ್‌ವರ್ಡಿನಿಂದ ಮುಚ್ಚಲಾಗುತ್ತದೆ. ಆ ಮಾಸ್ಟರ್ ಪಾಸ್‌ವರ್ಡ್ ಅದೇ ಫೋಲ್ಡರಿನ ಪಕ್ಕದ ಫೈಲಿನಲ್ಲಿರುತ್ತದೆ. ಅದನ್ನೂ ಮುಚ್ಚಿಟ್ಟಿದ್ದಾರಲ್ಲ ಎಂದು ನೆಮ್ಮದಿಯ ಉಸಿರು ಬಿಡುವ ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಅದನ್ನು ಮುಚ್ಚಲು ಬಳಸಿದ ಕೀಲಿಯು 'ಸೆಟ್ಟಿಂಗ್ಸ್ ಡಾಟ್ ಸೆಕ್ಯೂರಿಟಿ' ಎಂಬ ಪದಗಳೇ ಆಗಿದ್ದು, ಜಗತ್ತಿನ ಸಮಸ್ತ ಮೇವನ್‌ಗಳಿಗೂ ಒಂದೇ ಆಗಿದೆ, ಮುಕ್ತ ಆಕರದಲ್ಲಿ ಯಾರು ಬೇಕಾದರೂ ಓದಬಹುದಾಗಿದೆ. ಇದರಿಂದ ಅಸಮಾಧಾನಗೊಂಡವರು ಮಾಸ್ಟರ್ ಪಾಸ್‌ವರ್ಡನ್ನು ಪೆನ್‌ಡ್ರೈವಿನಲ್ಲಿಟ್ಟು, ಬೇಕಾದಾಗ ಮಾತ್ರ ಚುಚ್ಚಿಕೊಳ್ಳಬಹುದೆಂದು ಅಧಿಕೃತ ಮಾರ್ಗದರ್ಶಿಯೇ ತಿಳಿಸುತ್ತದೆ. ಬದಿಯಡ್ಕದ ಬಸ್ಸಿನಲ್ಲಿ ಕುತ್ತಿಗೆಗೆ ತಾಯಿತದಂತೆ ಪೆನ್‌ಡ್ರೈವ್ ಕಟ್ಟಿಕೊಂಡವರು ಕಂಡುಬಂದರೆ ಕೈಮುಗಿಯಿರಿ, ಅವರೇ ನಿಯಮ ಪಾಲಿಸಿದವರು.

2021ರಲ್ಲಿ ಬಂದ ಮೇವನ್ 3.8.1 ಆವೃತ್ತಿಯು ಗೂಢಲಿಪಿಯ ರಕ್ಷಣೆಯಿಲ್ಲದ ಹೊರಗಿನ ಎಚ್‌ಟಿಟಿಪಿ ವಿಳಾಸಗಳನ್ನು ತಡೆಯತೊಡಗಿತು. ಅದು ನ್ಯಾಯವೇ, ಏಕೆಂದರೆ ಬೇಸಿಕ್ ಎಂಬ ಲಾಗಿನ್ ಪದ್ಧತಿಯಲ್ಲಿ ಪಾಸ್‌ವರ್ಡ್, ಯಾರು ಬೇಕಾದರೂ ಬಿಡಿಸಬಹುದಾದ ಬೇಸ್64 ಎಂಬ ಪರದೆಯಿಲ್ಲದ ಪರದೆಯ ಹಿಂದೆ ಸಾಗುತ್ತದೆ. ಆದರೆ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರವೊಂದನ್ನು ಸರ್ವರಿಗೆ ಹಾಕಿಸುವ ಬದಲು, ಆ ತಡೆಯನ್ನು ಕಿತ್ತುಹಾಕುವುದು ಹೇಗೆಂಬ ಸೂಚನೆಯನ್ನು ಎಲ್ಲ ಉದ್ಯೋಗಿಗಳಿಗೂ ರವಾನಿಸಿದ ಭದ್ರತಾ ವಿಭಾಗಗಳೂ ನಮ್ಮ ನಡುವೆ ಇವೆ.

ಇಷ್ಟೆಲ್ಲ ಮಂತ್ರ ಜಪಿಸಿಯೂ ಬಿಲ್ಡ್ ನಡೆಯದಿದ್ದಾಗ, ರಾತ್ರಿ ಹನ್ನೊಂದಕ್ಕೆ ಕಣ್ಣು ಕೆಂಪಗಾದ ಹುಡುಗಿಯೊಬ್ಬಳು ಪಾಸ್‌ವರ್ಡನ್ನು ನೇರವಾಗಿ ಪ್ರಾಜೆಕ್ಟಿನ ಫೈಲಿಗೇ ಅಂಟಿಸಿ, ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ಗೆ ಸೇರಿಸುತ್ತಾಳೆ. ಬಿಲ್ಡ್ ನಡೆಯುತ್ತದೆ. ಮರುದಿನ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಅದು ಉಳಿಯುತ್ತದೆ. ಆಗ ಮಾತ್ರ ಭದ್ರತಾ ವಿಭಾಗಕ್ಕೆ ಎಚ್ಚರವಾಗುತ್ತದೆ. ನೋಟಿಸು ಬರುತ್ತದೆ, ಬೇಜವಾಬ್ದಾರಿ ಎಂಬ ಪದ ಬರುತ್ತದೆ, ಕಡ್ಡಾಯ ತರಬೇತಿ ಬರುತ್ತದೆ. ತಮಾಷೆ ಸಾಕು. ಆ ಹುಡುಗಿಯದು ಬೇಜವಾಬ್ದಾರಿಯಲ್ಲ, ದಣಿವು. ಸರಿಯಾದ ದಾರಿಯನ್ನು ಮುಳ್ಳುಹಾಕಿ ಮುಚ್ಚಿದವರು, ಬೇಲಿ ಹಾರಿದವಳ ಮೇಲೆ ದೂರು ಬರೆಯುತ್ತಿದ್ದಾರೆ. ಮೇವನ್ನಿನ ಮೊದಲ ಆವೃತ್ತಿ ಬಂದದ್ದು 2004ರಲ್ಲಿ. ಈ ಐಡಿಗೆ ಪಾಸ್‌ವರ್ಡ್ ಸಿಗಲಿಲ್ಲ ಎಂಬ ಒಂದು ಸಾಲನ್ನು ತೆರೆಯ ಮೇಲೆ ನೇರವಾಗಿ ಮುದ್ರಿಸಲು ಇನ್ನೆಷ್ಟು ವರ್ಷ ಬೇಕು?